ಮನೇಲೇ ಸ್ಪ್ರಾಕೆಟ್ ಬದಲಾಯ್ಸೋದು: ಹಳೇ ಚೈನ್ ಕಟ್ ಮಾಡೋಕ್ ಮುಂಚೆ ಓದ್ಕೊಳ್ಳಿ

ಮೊದಲನೇ ಸಲ ಬೈಕಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ, ಮುಂದೆ ಇಂಜಿನ್ ಹತ್ರ ಒಂದು, ಹಿಂದಿನ ಚಕ್ರದಲ್ಲಿ ಒಂದು) ಬದಲಾಯ್ಸೋಕೆ ಕೂತಾಗ ನಾನು ಮಾಡಿದ ಮೊದಲ ಕೆಲ್ಸ ಏನು ಗೊತ್ತಾ, ಗ್ರೈಂಡರ್ ತಗೊಂಡು ಹಳೇ ಚೈನ್ ಕಟ್ ಮಾಡಿದ್ದು. ಕಿಡಿ ಹಾರ್ತು, ಚೈನ್ ಜರ್ ಅಂತ ಕೆಳಗೆ ಬಿತ್ತು, ಅರ್ಧ ಕೆಲ್ಸ ಮುಗೀತು ಅನ್ನೋ ಖುಷೀಲಿ ಮುಂದಿನ ಸ್ಪ್ರಾಕೆಟ್ ನಟ್‌ಗೆ ಸಾಕೆಟ್ ಹಾಕಿ ಎಳೆದ್ರೆ ಶಾಫ್ಟ್ ಸಮೇತ ಸುಮ್ನೆ ತಿರುಗ್ತಾ ಇದೆ. ಗೇರ್‌ಗೆ ಹಾಕಿದ್ರೆ ಇಂಜಿನ್ನೂ ಜೊತೆಗೆ ತಿರುಗುತ್ತೆ, ನಟ್ ಮಾತ್ರ ಇದ್ದಲ್ಲೇ ಇದೆ. ಹಿಂದಿನ ಬ್ರೇಕ್ ಒತ್ತೋಣ ಅಂದ್ರೆ ಆ ಬ್ರೇಕಿಗೂ ಈ ನಟ್ಟಿಗೂ ಸಂಬಂಧ ಕಲ್ಪಿಸ್ತಿದ್ದಿದ್ದೇ ಆ ಚೈನು, ಅದು ನೆಲದ ಮೇಲೆ ಬಿದ್ದಿದೆ. ಕೊನೆಗೆ ಅದೇ ಹಳೇ ಚೈನನ್ನ ಮತ್ತೆ ಎರಡೂ ಸ್ಪ್ರಾಕೆಟ್ ಮೇಲೆ ಏರ್ಸಿ, ತುಂಡಾದ ಜಾಗಕ್ಕೆ ಒಂದು ಕ್ಲಿಪ್ ಲಿಂಕ್ (ಎರಡು ತುದಿ ಸೇರ್ಸೋ ಕ್ಲಿಪ್ ಇರೋ ಕೊಂಡಿ) ಹುಡುಕಿ ತಂದು ಜೋಡ್ಸಿ, ತಮ್ಮನ್ನ ಬ್ರೇಕ್ ಪೆಡಲ್ ಮೇಲೆ ನಿಲ್ಲಿಸಿ ಆ ನಟ್ ತೆಗೆಯೋ ಹೊತ್ತಿಗೆ ಕತ್ತಲಾಗಿತ್ತು. ಅವನು ಈಗ್ಲೂ ಅದನ್ನ ನೆನಪಿಸಿ ನಗ್ತಾನೆ.

ಹಾಗಾಗಿ ಈ ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಂಡ್ರೂ ಸಾಕು: ಸಡಿಲ ಮಾಡೋದು ಮೊದ್ಲು, ಬಿಚ್ಚೋದು ಆಮೇಲೆ. ಚೈನು, ಚಕ್ರ, ಬ್ರೇಕು ಎಲ್ಲಾ ಜಾಗದಲ್ಲಿ ಇರುವಾಗ್ಲೇ ಎಲ್ಲಾ ಗಟ್ಟಿ ನಟ್‌ಗಳನ್ನ ಒಂದು ಸುತ್ತು ಸಡಿಲ ಮಾಡ್ಕೊಂಡ್ಬಿಟ್ರೆ ಉಳಿದಿದ್ದು ಬರೀ ಕೊಳೆ ಕೆಲ್ಸ. ವಾಪಸ್ ಜೋಡಿಸುವಾಗ ಇದೇ ಮಾತು ಉಲ್ಟಾ ಆಗುತ್ತೆ, ಎಲ್ಲಾ ಜಾಗಕ್ಕೆ ಬಂದ್ಮೇಲೇ ಗಟ್ಟಿ ಟೈಟು.

ಇಲ್ಲಿ ಹೇಳ್ತಿರೋದು 150 ಇಂದ 400 ಸಿಸಿ ಒಳಗಿನ, ಫೇರಿಂಗ್ (ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ) ಇರೋ ಸಣ್ಣ ಸ್ಪೋರ್ಟ್ ಬೈಕುಗಳ ಬಗ್ಗೆ. ನಟ್ ಸೈಜು, ಟಾರ್ಕು (ನಟ್ ಎಷ್ಟು ಬಲದಲ್ಲಿ ಬಿಗಿ ಮಾಡ್ಬೇಕು ಅನ್ನೋ ಲೆಕ್ಕ) ಬೈಕಿಂದ ಬೈಕಿಗೆ ಬದಲಾಗುತ್ತೆ, ಹಾಗಾಗಿ ನಿಮ್ಮ ಬೈಕಿನ ಸರ್ವೀಸ್ ಮ್ಯಾನ್ಯುಯಲ್ ಪಕ್ಕದಲ್ಲಿ ಇಟ್ಕೊಳ್ಳಿ, ನಾನು ಹೇಳೋದು ಕೆಲಸದ ಕ್ರಮ.

ನಿಜವಾಗ್ಲೂ ಬದಲಾಯ್ಸೋ ಕಾಲ ಬಂದಿದ್ಯಾ

ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಭಾಗದಲ್ಲಿ, ಅಂದ್ರೆ ಗಡಿಯಾರದಲ್ಲಿ 3 ಗಂಟೆ ಇಲ್ಲಾ 9 ಗಂಟೆ ಇರೋ ಕಡೆ, ಚೈನನ್ನ ಎರಡು ಬೆರಳಲ್ಲಿ ಹಿಡ್ದು ಹಿಂದಕ್ಕೆ ಎಳೀರಿ. ಹೊಸ ಸೆಟ್ಟಲ್ಲಿ ಅದು ಅಲ್ಲಾಡೋದೇ ಇಲ್ಲ ಅನ್ನಬಹುದು. ಅರ್ಧ ಹಲ್ಲು ಕಾಣೋಷ್ಟು ಮೇಲೆ ಬಂತು ಅಂದ್ರೆ ಚೈನ್ ಮುಗೀತು. ಆಮೇಲೆ ಹಲ್ಲು ನೋಡಿ. ಹೊಸ ಹಲ್ಲು ಎರಡೂ ಕಡೆ ಒಂದೇ ಥರ ಇಳಿಜಾರು ಇರುತ್ತೆ, ಸವೆದಿದ್ದು ಒಂದೇ ದಿಕ್ಕಿಗೆ ಬಾಗಿ ಕೊಕ್ಕೆ ಥರ, ಅಲೆ ಥರ ಕಾಣುತ್ತೆ. ಮುಂದಿನ ಸ್ಪ್ರಾಕೆಟ್ ಕವರ್ ಒಳಗಿರೋದ್ರಿಂದ ಯಾರೂ ನೋಡಲ್ಲ, ಆದ್ರೆ ಮೊದ್ಲು ಸವೆಯೋದೇ ಅದು, ಹಿಂದಿನದು ಒಂದು ಸುತ್ತು ಸುತ್ತೋದ್ರೊಳಗೆ ಇದು ಮೂರು ಸುತ್ತು ಸುತ್ತಿರುತ್ತೆ.

ಅಳತೆ ಬೇಕು ಅಂದ್ರೆ ಹೀಗೆ. 520 ಚೈನಲ್ಲಿ ಒಂದು ಪಿನ್‌ನಿಂದ ಇನ್ನೊಂದು ಪಿನ್‌ಗೆ 15.875 ಮಿಮೀ, ಅಂದ್ರೆ ಇಂಚಿನ ಎಂಟರಲ್ಲಿ ಐದು ಭಾಗ, ಆ 520ರ ಮೊದಲ ಅಂಕಿ 5 ಅನ್ನೋದು ಇದೇ. 428 ಆದ್ರೆ ಎಂಟರಲ್ಲಿ ನಾಲ್ಕು ಭಾಗ, 12.7 ಮಿಮೀ. ಚೈನನ್ನ ಬಿಗಿಯಾಗಿ ಎಳೆದಿಟ್ಟು ಒಂದನೇ ಪಿನ್ ನಡುವಿಂದ 21ನೇ ಪಿನ್ ನಡುವಿನವರೆಗೆ ಅಳೀರಿ, 520 ಆದ್ರೆ 317.5 ಮಿಮೀ ಇರ್ಬೇಕು. ಕವಾಸಕಿಯ ಸಣ್ಣ ನಿಂಜಾಗಳಲ್ಲಿ 323 ದಾಟಿದ್ರೆ ಬದಲಾಯ್ಸಿ ಅಂತ ಲೆಕ್ಕ. ನೋಡಿ, 20 ಕೊಂಡಿಗೆ ಐದೂವರೆ ಮಿಮೀ ಅಷ್ಟೇ, ಕಣ್ಣಿಗೆ ಗೊತ್ತಾಗೋ ವ್ಯತ್ಯಾಸನೇ ಅಲ್ಲ. ಒಂದೇ ಕಡೆ ಅಳೆದು ಬಿಡ್ಬೇಡಿ, ಮೂರ್ನಾಕು ಕಡೆ ಅಳೀರಿ, ಚೈನು ಎಲ್ಲಾ ಕಡೆ ಒಂದೇ ಸಮ ಸವೆಯಲ್ಲ.

ಚೈನ್ ಎಳೆದ್ಕೊಂಡಿದೆ ಅಂತ ಎಲ್ರೂ ಹೇಳ್ತೀವಿ, ಆದ್ರೆ ಕಬ್ಬಿಣ ರಬ್ಬರ್ ಥರ ಎಳೆದ್ಕೊಳ್ಳಲ್ಲ, ಒಳಗಿನ ಪಿನ್ನೂ ಬುಷ್ಷೂ ಉಜ್ಜಿ ಉಜ್ಜಿ ಸವೆದು ಪ್ರತಿ ಕೊಂಡಿ ನಡುವೆ ಒಂಚೂರು ಒಂಚೂರು ಜಾಗ ಆಗಿರುತ್ತೆ, ನೂರು ಕೊಂಡಿಯ ಆ ಒಂಚೂರೆಲ್ಲಾ ಸೇರಿ ಉದ್ದ ಆಗಿ ಕಾಣೋದು. ಹಾಗೆ ಅಂತರ ಜಾಸ್ತಿಯಾದ ಚೈನು ಸ್ಪ್ರಾಕೆಟ್ ಹಲ್ಲನ್ನ ತನಗೆ ಹೊಂದೋ ಹಾಗೆ ಕೊರೆದಿರುತ್ತೆ. ಅದರ ಮೇಲೆ ಹೊಸ ಚೈನ್ ಹಾಕಿದ್ರೆ ಅಳತೆ ಹೊಂದಲ್ಲ, ಹೊಸದು ಬೇಗ ಹಾಳಾಗುತ್ತೆ. ಹಾಗಾಗಿ ಮುಂದಿಂದು, ಹಿಂದಿಂದು, ಚೈನು ಮೂರೂ ಒಟ್ಟಿಗೆ. ದುಡ್ಡು ಉಳ್ಸೋಕೆ ಒಂದು ಮಾತ್ರ ಬದಲಾಯ್ಸೋದು ನಂಗೆ ಯಾವತ್ತೂ ಲಾಭ ಆಗಿಲ್ಲ. ಒಂದೇ ವಿನಾಯ್ತಿ, ಎಲ್ಲಾ ಹೊಸದಾಗೇ ಇದ್ದು ಬರೀ ಗೇರಿಂಗ್ ಬದಲಾಯ್ಸೋಕೆ ಮುಂದಿನ ಸ್ಪ್ರಾಕೆಟ್ ಒಂದು ಬದಲಾಯ್ಸೋದು.

ಹಲ್ಲಿನ ಲೆಕ್ಕ

ನಿಂಜಾ 300ರಲ್ಲಿ ಕಂಪನಿ ಕೊಡೋದು ಮುಂದೆ 14 ಹಲ್ಲು, ಹಿಂದೆ 42. ಯಮಹಾ ಆರ್3 14/43, ನಿಂಜಾ 400 14/41. ಹಿಂದಿನದನ್ನ ಮುಂದಿನದರಿಂದ ಭಾಗಿಸಿದ್ರೆ ಎಲ್ಲಾ 3ರ ಹತ್ರಾನೇ ಬರುತ್ತೆ.

14/42 ಇರೋ ಬೈಕಿಗೆ ಮುಂದೆ ಒಂದು ಹಲ್ಲು ಕಮ್ಮಿ ಮಾಡಿ 13 ಹಾಕಿದ್ರೆ 3.00 ಇದ್ದಿದ್ದು 3.23 ಆಗುತ್ತೆ, ಸುಮಾರು 7.7 ಪರ್ಸೆಂಟ್. ಪಿಕಪ್ ಚೆನ್ನಾಗಾಗುತ್ತೆ, ಟ್ರಾಫಿಕ್ಕಲ್ಲಿ ಮತ್ತೆ ಮತ್ತೆ ಗೇರ್ ಇಳ್ಸೋದು ತಪ್ಪುತ್ತೆ, ಆದ್ರೆ ಹೈವೇಲಿ ಮೊದ್ಲು 7000 ಆರ್‌ಪಿಎಂನಲ್ಲಿ ಹೋಗ್ತಿದ್ದ ಸ್ಪೀಡಿಗೆ ಈಗ 7540 ಆರ್‌ಪಿಎಂ ಬೇಕು. 15 ಹಾಕಿದ್ರೆ ಉಲ್ಟಾ, ಅನುಪಾತ 2.80ಕ್ಕೆ ಇಳಿಯುತ್ತೆ, ಇಂಜಿನ್ ನಿರಾಳವಾಗಿ ಓಡುತ್ತೆ, ಏರಲ್ಲಿ ಮಾತ್ರ ಉಸಿರು ಕಟ್ಟುತ್ತೆ. ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ ಅಂತ ಇಟ್ಕೊಳ್ಳಿ, 14/45 ಹಾಕಿದ್ರೂ 3.21 ಬರುತ್ತೆ, ಹೆಚ್ಚುಕಮ್ಮಿ 13/42 ಹಾಕಿದ ಹಾಗೇ.

ಹಾಗಿದ್ರೆ ಸುಲಭಕ್ಕೆ ಮುಂದಿಂದೇ ಬದಲಾಯ್ಸೋಣ ಅನ್ಸುತ್ತೆ. ಆದ್ರೆ ಮುಂದಿನ ಸ್ಪ್ರಾಕೆಟ್ ಸಣ್ಣದಾದಷ್ಟೂ ಚೈನು ಜಾಸ್ತಿ ಬಾಗ್ಬೇಕು, ಕಮ್ಮಿ ಹಲ್ಲಿನ ಮೇಲೆ ಅದೇ ಭಾರ ಬೀಳುತ್ತೆ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಮೇಲಿರೋ ಸ್ಲೈಡರ್ ರಬ್ಬರಿಗೂ ಹೆಚ್ಚು ಉಜ್ಜುತ್ತೆ. ಒಂದು ಹಲ್ಲು ಪರವಾಗಿಲ್ಲ, ಎರಡು ಇಳ್ಸೋಕೆ ಹೋಗ್ಬೇಡಿ ಅನ್ನೋದು ನನ್ನ ಅಭಿಪ್ರಾಯ. ದೊಡ್ಡದು ಹಾಕೋದಾದ್ರೆ ಕವರ್ ಒಳಗೆ ಚೈನು ತಾಗದ ಹಾಗೆ ಜಾಗ ಇದ್ಯಾ ನೋಡ್ಕೊಳ್ಳಿ.

ಇನ್ನೊಂದು, ಸ್ಪೀಡೋಮೀಟರ್. ಸ್ಪೀಡ್ ಸೆನ್ಸರ್ ಚಕ್ರದ ಹತ್ರ ಇದ್ರೆ ಏನೂ ಬದಲಾಗಲ್ಲ. ಗೇರ್‌ಬಾಕ್ಸ್ ಇಲ್ಲಾ ಮುಂದಿನ ಸ್ಪ್ರಾಕೆಟ್ ಹತ್ರ ಇದ್ರೆ, 14ರ ಬದ್ಲು 13 ಹಾಕಿದ್ಮೇಲೆ ಮುಂಚೆ 100 ತೋರಿಸ್ತಿದ್ದ ಸ್ಪೀಡಿಗೆ ಈಗ 107-108 ತೋರಿಸುತ್ತೆ, ಕಿಲೋಮೀಟರೂ ಅದೇ ಲೆಕ್ಕದಲ್ಲಿ ಜಾಸ್ತಿ ಓಡುತ್ತೆ. ಮೈಲೇಜ್ ಏರಿದೆ ಅಂತ ಖುಷಿಪಡೋಕ್ ಮುಂಚೆ ಇದನ್ನ ನೆನಪಿಸ್ಕೊಳ್ಳಿ.

(ಸಣ್ಣ ವಿಷ್ಯ, ಆದ್ರೆ ನಂಗಿಷ್ಟ. ಚೈನಲ್ಲಿ ಒಳಕೊಂಡಿ ಹೊರಕೊಂಡಿ ಒಂದಾದ್ಮೇಲೆ ಒಂದು ಬರುತ್ತೆ, ಹಾಗಾಗಿ ಕೊಂಡಿ ಯಾವಾಗ್ಲೂ ಸರಿಸಂಖ್ಯೆ. ಸ್ಪ್ರಾಕೆಟ್ ಹಲ್ಲೂ ಸರಿಸಂಖ್ಯೆ ಆದ್ರೆ ಒಂದು ಹಲ್ಲಿಗೆ ಯಾವಾಗ್ಲೂ ಒಳಕೊಂಡಿನೇ, ಪಕ್ಕದ್ದಕ್ಕೆ ಯಾವಾಗ್ಲೂ ಹೊರಕೊಂಡಿನೇ ಸಿಗೋದು. 13 ಅಥವಾ 15 ಆದ್ರೆ ಪ್ರತಿ ಹಲ್ಲಿಗೂ ಎರಡೂ ಥರದ್ದು ಸಿಗ್ತಾ ಹೋಗುತ್ತೆ, ಸವೆತ ಸಮವಾಗಿ ಹಂಚ್ಕೊಳ್ಳುತ್ತೆ.)

ಏನೇನು ಬೇಕು

ಸ್ಪೋರ್ಟ್ ಬೈಕಿಗೆ ಸೆಂಟರ್ ಸ್ಟ್ಯಾಂಡ್ ಇರಲ್ಲ, ಹಾಗಾಗಿ ಹಿಂದಿನ ಚಕ್ರ ನೆಲದಿಂದ ಎತ್ತಿ ಹಿಡಿಯೋ ಪ್ಯಾಡಾಕ್ ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗೆ, ಮರದ ಕಟ್ಟೆ ಮೇಲೆ ನಿಲ್ಲಿಸಿ ಆ್ಯಕ್ಸಲ್ (ಚಕ್ರದ ನಡುವಿನ ಅಚ್ಚು) ಎಳೆಯೋ ಸಾಹಸ ಬೇಡ. ನಿಮ್ಮ ನಟ್ ಸೈಜಿನ ಆರು ಮೂಲೆಯ ಸಾಕೆಟ್ (ಹನ್ನೆರಡು ಮೂಲೆಯದು ಗಟ್ಟಿ ನಟ್ಟಿನ ಅಂಚನ್ನ ತಿಂದ್ಹಾಕುತ್ತೆ), ಉದ್ದದ ಬ್ರೇಕರ್ ಬಾರ್, ಟಾರ್ಕ್ ರೆಂಚ್, ಸುತ್ತಿಗೆ, ಮೊಂಡಾದ ಉಳಿ, ಚೈನ್ ಬ್ರೇಕರ್ ಮತ್ತು ರಿವೆಟ್ ಟೂಲ್, ವರ್ನಿಯರ್, ಸೀಮೆಎಣ್ಣೆ, ಹಳೇ ಬ್ರಷ್ಷು, ಬೇಜಾನ್ ಹಳೇ ಬಟ್ಟೆ. ಹೊಸ ಲಾಕ್ ವಾಷರ್, ಹೊಸ ಕಾಟರ್ ಪಿನ್ (ಆ್ಯಕ್ಸಲ್ ನಟ್ ತಿರುಗದ ಹಾಗೆ ತೂರ್ಸಿ ಮಡಚೋ ಪಿನ್) ಮೊದ್ಲೇ ತಂದಿಟ್ಕೊಳ್ಳಿ. ಟೂಲ್‌ಗಿಂತ ಮುಖ್ಯವಾಗಿ ಬ್ರೇಕ್ ಒತ್ತೋಕೆ ಒಬ್ರು ಬೇಕು, ಹತ್ತು ನಿಮಿಷಕ್ಕೆ ಬಂದು ಹೋದ್ರೆ ಸಾಕು. ಇಂಜಿನ್ ಪೂರ್ತಿ ತಣ್ಣಗಾಗಿರ್ಲಿ, ಕೀ ತೆಗೆದು ಜೇಬಲ್ಲಿಟ್ಕೊಳ್ಳಿ.

ಮುಂದಿನ ಕವರ್ ಬಿಚ್ಚೋದು

ಎಡಗಡೆ ಕೆಳಗಿನ ಫೇರಿಂಗ್ ಅಡ್ಡ ಬಂದ್ರೆ ಅದನ್ನ ತೆಗೆದು ಗೋಡೆಗೆ ಒರಗಿಸಿಡಿ. ಗೇರ್ ಲಿವರ್ ಲಿಂಕೇಜ್ ಕೂತಿರೋ ಶಾಫ್ಟ್ ಮೇಲೆ ಚುಕ್ಕೆ ಇದ್ಯಾ ನೋಡಿ, ಇಲ್ಲಾಂದ್ರೆ ನೀವೇ ಮಾರ್ಕರಲ್ಲಿ ಗೆರೆ ಎಳೀರಿ. ಶಾಫ್ಟಿನ ಸುತ್ತ ಇರೋ ಹಲ್ಲಿನಂಥ ಗೀರಲ್ಲಿ ಒಂದು ಆಚೀಚೆ ಆದ್ರೂ ಗೇರ್ ಲಿವರ್ ಎಲ್ಲೋ ಮೇಲೆ, ಕಾಲು ಎಲ್ಲೋ ಕೆಳಗೆ. ಕವರ್ ಬೋಲ್ಟ್‌ಗಳು ಬೇರೆ ಬೇರೆ ಉದ್ದ ಇರ್ತವೆ, ರಟ್ಟಿನ ತುಂಡಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗಕ್ಕೇ ಬೋಲ್ಟ್ ಚುಚ್ಚಿಡಿ. ಕವರಿಗೆ ಸ್ಪೀಡ್ ಸೆನ್ಸರ್ ವೈರ್ ಇದ್ರೆ ಜಗ್ಗಬೇಡಿ. ಕೆಲವು ಬೈಕಲ್ಲಿ ಕ್ಲಚ್ಚಿನ ಪುಶ್‌ರಾಡ್ ಈ ಕಡೆಯಿಂದ್ಲೇ ಹೋಗುತ್ತೆ, ಅಂಥಾ ಬೈಕಾದ್ರೆ ಕವರ್ ತೆಗೆದ್ಮೇಲೆ ಕ್ಲಚ್ ಲಿವರ್ ಮುಟ್ಟಬೇಡಿ.

ಕವರ್ ಕೈಗೆ ಬಂದಾಗ ಒಳಗೆ ಕಾಣೋ ದೃಶ್ಯಕ್ಕೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ವರ್ಷಗಟ್ಲೆ ಹೊಡೆದ ಚೈನ್ ಲ್ಯೂಬೂ ರಸ್ತೆ ಧೂಳೂ ಸೇರಿ ಕಪ್ಪು ಹಲ್ವಾ ಥರ ಗಟ್ಟಿಯಾಗಿ ಕೂತಿರುತ್ತೆ, ನಂದ್ರಲ್ಲಿ ಹೆಬ್ಬೆರಳು ಒತ್ತಿದ್ರೆ ಬೆರಳಚ್ಚು ಮೂಡ್ತಿತ್ತು, ಅದರ ಮಧ್ಯೆ ಸ್ಪ್ರಾಕೆಟ್ ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗ್ತಿರ್ಲಿಲ್ಲ. ಹಳೇ ಸ್ಪೂನೋ ಮರದ ಕಡ್ಡಿಯೋ ತಗೊಂಡು ಕೆರೆದು, ಉಳಿದಿದ್ದನ್ನ ಸೀಮೆಎಣ್ಣೆ ಬಟ್ಟೇಲಿ ಒರೆಸಿ. ಇದೆಲ್ಲಾ ತೆಗೆದ್ಮೇಲೇ ಶಾಫ್ಟ್ ಸುತ್ತ ಇರೋ ಆಯಿಲ್ ಸೀಲ್ ಸೋರ್ತಿದ್ಯಾ ಅಂತ ಗೊತ್ತಾಗೋದು. ಅಲ್ಲಿ ಒದ್ದೆ ಇದ್ದು ಅದು ಇಂಜಿನ್ ಆಯಿಲ್ಲೇ ಆಗಿದ್ರೆ ಈಗ್ಲೇ ಸೀಲ್ ಬದಲಾಯ್ಸಿ.

ಸಡಿಲ ಮಾಡೋದು, ಅಸಲಿ ಕೆಲ್ಸ

ಮುಂದಿನ ಸ್ಪ್ರಾಕೆಟ್ ಹಿಡಿದಿರೋದು ಮೂರು ಥರ ಇರಬಹುದು. ಒಂದು, ಎರಡು ಸಣ್ಣ ಬೋಲ್ಟ್ ಇರೋ ಲಾಕ್ ಪ್ಲೇಟ್, ಇದು ಸುಲಭ. ಎರಡು, ಸರ್ಕ್ಲಿಪ್ (ಶಾಫ್ಟಿನ ಕಚ್ಚಲ್ಲಿ ಕೂರೋ ಸ್ಪ್ರಿಂಗ್ ಉಂಗುರ), ಸರಿಯಾದ ಪ್ಲಾಯರ್ ಇದ್ರೆ ಇದೂ ಸುಲಭ, ಆದ್ರೆ ಕ್ಲಿಪ್ ಸಿಡಿಯುತ್ತೆ, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ. ಮೂರನೇದು ದೊಡ್ಡ ನಟ್ಟು, ಕೆಳಗೆ ಮಡಚಿದ ವಾಷರ್ರು. ಜನ ಸೋಲೋದು ಇಲ್ಲೇ.

ಆ ವಾಷರಿನ ಅಂಚನ್ನ ನಟ್ಟಿನ ಒಂದು ಮುಖಕ್ಕೆ ಒತ್ತಿ ಮಡಚಿರ್ತಾರೆ, ನಟ್ ತಾನಾಗೇ ತಿರುಗದೇ ಇರ್ಲಿ ಅಂತ. ಅದನ್ನ ಉಳಿ ಇಟ್ಟು ಸುತ್ತಿಗೇಲಿ ತಟ್ಟಿ ಪೂರ್ತಿ ಚಪ್ಪಟೆ ಮಾಡಿ. ಪೂರ್ತಿ ಅಂದ್ರೆ ಪೂರ್ತಿ, ಅರ್ಧ ಎದ್ದಿದ್ರೂ ಸಾಕೆಟ್ ಕೊನೆವರೆಗೂ ಕೂರಲ್ಲ, ಜಾರಿ ನಟ್ ಮೂಲೆ ಹೋಗುತ್ತೆ. ಈಗ ಬೈಕನ್ನ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಸಹಾಯಕ್ಕೆ ಬಂದವರು ಸೀಟ್ ಮೇಲೆ ಕೂತು ಹಿಂದಿನ ಬ್ರೇಕನ್ನ ಜೋರಾಗಿ ಒತ್ತಿ ಹಿಡೀಲಿ. ಚಕ್ರ ನಿಂತ್ರೆ ಚೈನ್ ನಿಲ್ಲುತ್ತೆ, ಚೈನ್ ನಿಂತ್ರೆ ಸ್ಪ್ರಾಕೆಟ್ ನಿಲ್ಲುತ್ತೆ, ಆಗ ನಿಮ್ಮ ಬಲ ಪೂರ್ತಿ ನಟ್‌ಗೇ ಹೋಗುತ್ತೆ. ಗೇರಲ್ಲಿ ಹಾಕಿ ಬಲ ಬಿಡೋದು ನಂಗಿಷ್ಟ ಇಲ್ಲ, ಆ ಹೊಡೆತ ಎಲ್ಲಾ ಗೇರ್‌ಬಾಕ್ಸಿಗೆ. ಚಕ್ರದ ನಡುವೆ ಮರದ ತುಂಡು ತೂರ್ಸಿ ಸ್ವಿಂಗ್‌ಆರ್ಮಿಗೆ ಅಡ್ಡ ಕೊಡೋ ಉಪಾಯ ಕೆಲ್ಸ ಮಾಡುತ್ತೆ, ಒಬ್ರೇ ಇದ್ರೆ ಅದೇ ಗತಿ, ಆದ್ರೆ ಚಕ್ರದ ಪೇಂಟಿಗೂ ಸ್ವಿಂಗ್‌ಆರ್ಮಿಗೂ ದಪ್ಪ ಬಟ್ಟೆ ಸುತ್ತಿ.

ಬ್ರೇಕರ್ ಬಾರನ್ನ ಜರ್ಕ್ ಕೊಟ್ಟು ಎಳೀಬೇಡಿ, ನಿಧಾನಕ್ಕೆ ಭಾರ ಹೆಚ್ಚಿಸ್ತಾ ಹೋಗಿ. ಟಕ್ ಅಂತ ಒಂದು ಶಬ್ದ ಬರುತ್ತೆ, ಏನೋ ಮುರೀತು ಅಂತ ಎದೆ ಧಸಕ್ ಅನ್ನುತ್ತೆ, ಆದ್ರೆ ಅದು ನಟ್ ಬಿಟ್ಟ ಶಬ್ದ. ಕಾಲು ಸುತ್ತು ತಿರುಗ್ಸಿ ಅಲ್ಲೇ ಬಿಡಿ, ತೆಗೀಬೇಡಿ.

ಬ್ರೇಕ್ ಒತ್ತಿದವರನ್ನ ಇನ್ನೂ ಕಳಿಸ್ಬೇಡಿ. ಹಿಂದಿನ ಸ್ಪ್ರಾಕೆಟ್ಟಿನ ಐದಾರು ನಟ್‌ಗಳನ್ನ ಈಗ್ಲೇ ಒಂದೊಂದಾಗಿ ಕಾಲು ಸುತ್ತು ಸಡಿಲ ಮಾಡಿ. ಚಕ್ರ ಬಿಚ್ಚಿ ನೆಲದ ಮೇಲೆ ಇಟ್ಕೊಂಡು ಇದನ್ನ ಮಾಡೋಕೆ ಹೋದ್ರೆ ಚಕ್ರದ ಜೊತೆ ಕುಸ್ತಿ ಆಡ್ಬೇಕಾಗುತ್ತೆ. ಕೊನೇಲಿ ಆ್ಯಕ್ಸಲ್ ನಟ್ಟಿನ ಕಾಟರ್ ಪಿನ್ ಎಳೆದು ಅದನ್ನೂ ಒಂಚೂರು ಸಡಿಲ ಮಾಡಿ. ಅಷ್ಟೇ, ಈಗ ಅವರಿಗೆ ಥ್ಯಾಂಕ್ಸ್ ಹೇಳಿ, ವಾಪಸ್ ಟೈಟ್ ಮಾಡುವಾಗ ಮತ್ತೆ ಕರೀತೀನಿ ಅಂತಾನೂ ಹೇಳಿಡಿ.

ಚೈನು, ಚಕ್ರ

ಬೈಕನ್ನ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಏರ್ಸಿ. ಎರಡೂ ಕಡೆ ಚೈನ್ ಅಡ್ಜಸ್ಟರ್ ಯಾವ ಗೆರೇಲಿದೆ ಅಂತ ಒಂದು ಫೋಟೋ ತಗೊಳ್ಳಿ. ಈಗ ಚೈನ್ ಕಟ್ ಮಾಡಬಹುದು, ಈಗ ಮಾತ್ರ! ರಿವೆಟ್ ಮಾಡಿದ ಪಿನ್ನಿನ ತಲೆಯನ್ನ ಗ್ರೈಂಡರಲ್ಲಿ ಪ್ಲೇಟಿನ ಮಟ್ಟಕ್ಕೆ ಉಜ್ಜಿ, ಆಮೇಲೆ ಚೈನ್ ಬ್ರೇಕರಲ್ಲಿ ಒತ್ತಿ. ತಲೆ ಉಜ್ಜದೇ ಒತ್ತಿದ್ರೆ ಮುರಿಯೋದು ಬ್ರೇಕರಿನ ಕಡ್ಡಿ. ಟೈರು, ಬ್ರೇಕ್ ಪೈಪಿನ ಕಡೆ ಕಿಡಿ ಹೋಗದ ಹಾಗೆ ಒದ್ದೆ ಬಟ್ಟೆ ಮುಚ್ಚಿ.

ಹಳೇ ಚೈನ್ ಬಿಸಾಕ್ಬೇಡಿ, ಹೊಸದರ ಪಕ್ಕ ನೆಲದ ಮೇಲೆ ಮಲಗ್ಸಿ ಕೊಂಡಿ ಎಣಿಸ್ಬೇಕು. ಅಳತೆ ಹಿಡ್ದು ಕಟ್ ಮಾಡ್ಬೇಡಿ, ಎಣಿಸಿ. ಹಳೇದು ಸವೆದು ಉದ್ದ ಆಗಿರೋದ್ರಿಂದ ಉದ್ದ ನೋಡಿ ಕಟ್ ಮಾಡಿದ್ರೆ ಲೆಕ್ಕ ತಪ್ಪೋ ಸಾಧ್ಯತೆ ಇದೆ. ಹಲ್ಲಿನ ಸಂಖ್ಯೆ ಬದಲಾಯ್ಸಿದ್ರೆ ಒಂದು ಹಲ್ಲಿಗೆ ಆ್ಯಕ್ಸಲ್ ಸುಮಾರು 4 ಮಿಮೀ ಜರುಗುತ್ತೆ (520 ಚೈನಲ್ಲಿ ಪಿನ್ ಅಂತರದ ಕಾಲು ಭಾಗ), ಹಿಂದೆ ಮೂರು ಹಲ್ಲು ಜಾಸ್ತಿ ಆದ್ರೆ 12 ಮಿಮೀ ಮುಂದಕ್ಕೆ. ಅಡ್ಜಸ್ಟರಲ್ಲಿ ಅಷ್ಟು ಜಾಗ ಇದ್ರೆ ಅದೇ ಕೊಂಡಿ ಸಂಖ್ಯೆ, ಇಲ್ಲಾಂದ್ರೆ ಎರಡು ಕೊಂಡಿ ಜಾಸ್ತಿ. ಡೌಟ್ ಇದ್ರೆ ಕಟ್ ಮಾಡದೇ ಬಿಟ್ಟು ಸ್ಪ್ರಾಕೆಟ್ ಎರಡೂ ಹಾಕಿದ್ಮೇಲೆ ಸುತ್ತಿ ನೋಡಿ, ಉದ್ದ ಇದ್ರೆ ಆಮೇಲೂ ಕಟ್ ಮಾಡಬಹುದು.

ಆ್ಯಕ್ಸಲ್ ಎಳೆಯುವಾಗ ಎಡಗಡೆ ಬಲಗಡೆ ಸ್ಪೇಸರ್ ಬೇರೆ ಬೇರೆ, ಯಾವುದು ಯಾವ ಕಡೆ, ಯಾವ ಮುಖ ಒಳಗೆ ಅಂತ ಅದಕ್ಕೂ ಒಂದು ಫೋಟೋ. ಬ್ರೇಕ್ ಕ್ಯಾಲಿಪರನ್ನ ಪೈಪಲ್ಲಿ ನೇತಾಡೋಕೆ ಬಿಡ್ಬೇಡಿ, ದಾರ ಕಟ್ಟಿ ತೂಗಾಕಿ. ಚಕ್ರ ಹೊರಗಿರೋವರೆಗೂ ಹಿಂದಿನ ಬ್ರೇಕ್ ಪೆಡಲ್ ಮೇಲೆ ಯಾರ ಕಾಲೂ ಬೀಳ್ಬಾರ್ದು, ಪ್ಯಾಡ್‌ಗಳು ಹತ್ರ ಬಂದು ಕೂತ್ರೆ ಡಿಸ್ಕ್ ವಾಪಸ್ ತೂರಲ್ಲ. ಚಕ್ರವನ್ನ ಡಿಸ್ಕ್ ಕೆಳಗೆ ಮಾಡಿ ಮಲಗ್ಸಿ ಡಿಸ್ಕ್ ಬಗ್ಗಿಸ್ಬೇಡಿ.

ಸ್ಪ್ರಾಕೆಟ್ ಕೂತಿರೋ ಕ್ಯಾರಿಯರನ್ನ ಚಕ್ರದಿಂದ ಎತ್ತಿದ್ರೆ ಒಳಗೆ ಡ್ಯಾಂಪರ್ ರಬ್ಬರ್ ಕಾಣುತ್ತೆ. ಕ್ಯಾರಿಯರ್ ವಾಪಸ್ ಇಟ್ಟು ಕೈಯಲ್ಲಿ ತಿರುಗ್ಸಿ ನೋಡಿ, ಲೊಡಲೊಡ ಅಂತ ಆಟ ಇದ್ರೆ ರಬ್ಬರ್ ಸತ್ತಿದೆ, ಗೇರ್ ಬದಲಾಯ್ಸಿದಾಗೆಲ್ಲಾ ಬರ್ತಿದ್ದ ಜರ್ಕಿಗೆ ಕಾರಣ ಸಿಕ್ಕಿದ ಹಾಗೆ. ಕ್ಯಾರಿಯರ್ ಬೇರಿಂಗಿಗೆ ಬೆರಳು ತೂರ್ಸಿ ತಿರುಗ್ಸಿ, ಮರಳು ಹಾಕಿದ ಹಾಗೆ ಗರಗರ ಅಂದ್ರೆ ಅದೂ ಹೊಸದು ಬೇಕು.

ಹೊಸ ಸ್ಪ್ರಾಕೆಟ್ ಇಡೋಕ್ ಮುಂಚೆ ಕ್ಯಾರಿಯರ್ ಮುಖ ಒರೆಸಿ, ಅಲ್ಲೊಂದು ಕಸದ ಚೂರು ಸಿಕ್ಕಿಕೊಂಡ್ರೂ ಸ್ಪ್ರಾಕೆಟ್ ಓಲಾಡುತ್ತೆ. ಸಾಮಾನ್ಯವಾಗಿ ನಂಬರ್ ಬರೆದಿರೋ ಮುಖ ಹೊರಗೆ ಬರುತ್ತೆ, ಆದ್ರೂ ಹಳೇದನ್ನ ನೋಡಿ ಹೋಲಿಸ್ಕೊಳ್ಳಿ. ನಟ್‌ಗಳನ್ನ ಒಂದರ ಪಕ್ಕ ಒಂದಲ್ಲ, ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿ, ಕೊನೇ ಟಾರ್ಕ್ ಚಕ್ರ ಕೂತ್ಮೇಲೆ. ಸ್ವಯಂ ಲಾಕ್ ಆಗೋ ನಟ್ ಇದ್ರೆ ಹೊಸದೇ ಹಾಕಿ. ನಟ್ ಬಿಚ್ಚುವಾಗ ಸ್ಟಡ್ಡೂ ಜೊತೇಲಿ ಬಂದಿದ್ರೆ ಅದರ ಥ್ರೆಡ್ ಒರೆಸಿ ಥ್ರೆಡ್ ಲಾಕರ್ ಹಚ್ಚಿ ಕೂರ್ಸಿ.

ಮುಂದಿಂದು ಎರಡೇ ನಿಮಿಷ. ಈಗಾಗ್ಲೇ ಸಡಿಲ ಇರೋ ನಟ್ ಕೈಯಲ್ಲೇ ಬರುತ್ತೆ, ಹಳೇದು ಎಳೀರಿ, ಶಾಫ್ಟಿನ ಗೀರುಗಳನ್ನ ಒರೆಸಿ, ಹೊಸದನ್ನ ಅದೇ ಮುಖಕ್ಕೆ ತೂರ್ಸಿ, ಹೊಸ ಲಾಕ್ ವಾಷರ್ ಹಾಕಿ ನಟ್ ಕೈ ಬಿಗಿ ಮಾಡಿ ಬಿಡಿ. ಒಂದು ಮುಖದಲ್ಲಿ ಉಬ್ಬು ಇರೋ ಸ್ಪ್ರಾಕೆಟ್ಟನ್ನ ಉಲ್ಟಾ ಹಾಕಿದ್ರೆ ಚೈನ್ ಸಾಲೇ ಕೆಲವು ಮಿಮೀ ಆಚೆ ಹೋಗುತ್ತೆ.

ಚೈನ್ ಜೋಡಿಸೋದು

ಚಕ್ರ ಹಾಕಿ, ಆ್ಯಕ್ಸಲ್ ತೂರ್ಸಿ, ಚಕ್ರವನ್ನ ಆದಷ್ಟು ಮುಂದಕ್ಕೆ ತಳ್ಳಿ ಚೈನ್ ಸುತ್ತಿ. ಸ್ವಿಂಗ್‌ಆರ್ಮ್ ಸುತ್ತ ಸರಿಯಾದ ದಾರೀಲಿ ಹೋಗಿದ್ಯಾ ನೋಡಿ, ಸ್ಲೈಡರಿನ ತಪ್ಪು ಕಡೆಯಿಂದ ಹಾಕಿ ರಿವೆಟ್ ಮಾಡಿದ್ರೆ ಆ ಹೊಸ ಲಿಂಕು ದಂಡ. ಜೋಡಿಸೋ ಜಾಗ ಹಿಂದಿನ ಸ್ಪ್ರಾಕೆಟ್ ಮೇಲೇ ಬರ್ಲಿ, ಹಲ್ಲುಗಳು ಎರಡೂ ತುದೀನ ಹಿಡಿದಿಟ್ಕೊಳ್ತವೆ.

ಪ್ಯಾಕೆಟ್ಟಲ್ಲಿ ಬರೋ ಸಣ್ಣ ಗ್ರೀಸ್ ಪೊಟ್ಟಣ ಬಿಸಾಕೋಕಲ್ಲ. ಪಿನ್ನಿಗೂ ನಾಲ್ಕೂ ಓ-ರಿಂಗಿಗೂ (ಗ್ರೀಸ್ ಹಿಡಿದಿಡೋ ರಬ್ಬರ್ ಉಂಗುರ) ಅದನ್ನ ಹಚ್ಚಿ. ಹಿಂದೆ ಎರಡು ರಿಂಗ್ ಹಾಕಿದ ಲಿಂಕನ್ನ ಒಳಗಡೆಯಿಂದ ತೂರ್ಸಿ, ಹೊರಗಡೆ ಇನ್ನೆರಡು ರಿಂಗ್ ಹಾಕಿ, ಮೇಲೆ ಪ್ಲೇಟ್ ಇಟ್ಟು ಟೂಲಲ್ಲಿ ಒತ್ತಿ. ಎಷ್ಟು ಒತ್ತೋದು ಅಂದ್ರೆ, ಪಕ್ಕದ ಕೊಂಡಿಯ ಅಗಲ ವರ್ನಿಯರಲ್ಲಿ ಅಳೆದು ಅಷ್ಟಕ್ಕೇ ನಿಲ್ಲಿಸಿ. ಜಾಸ್ತಿ ಒತ್ತಿದ್ರೆ ರಿಂಗ್ ನುಜ್ಜಾಗಿ ಕೊಂಡಿ ಬಾಗದೇ ಸೆಟೆದು ನಿಲ್ಲುತ್ತೆ. ಆಮೇಲೆ ಪಿನ್ನಿನ ತಲೆ ಅರಳ್ಸೋದು. ಚೈನ್ ಜೊತೆ ಬಂದ ಚೀಟೀಲಿ ತಲೆಯ ವ್ಯಾಸ ಇಷ್ಟರಿಂದ ಇಷ್ಟರೊಳಗೆ ಅಂತ ಇರುತ್ತೆ, ಸ್ವಲ್ಪ ಸ್ವಲ್ಪ ಅರಳ್ಸಿ ಸ್ವಲ್ಪ ಸ್ವಲ್ಪ ಅಳೀರಿ. ತಲೇಲಿ ಕೂದಲೆಳೆಯಷ್ಟು ಬಿರುಕು ಕಂಡ್ರೂ ಆ ಲಿಂಕ್ ತೆಗೆದು ಹೊಸದು ಹಾಕಿ, ಇದರಲ್ಲಿ ಜುಗ್ಗತನ ಬೇಡ, ಓಡುವಾಗ ಚೈನ್ ಕಿತ್ತು ಸ್ಪ್ರಾಕೆಟ್ಟಿಗೆ ಸುತ್ಕೊಂಡ್ರೆ ಹಿಂದಿನ ಚಕ್ರ ಲಾಕ್ ಆಗುತ್ತೆ, ಇಂಜಿನ್ ಕೇಸಿಂಗೂ ಒಡೆಯಬಹುದು.

ಕ್ಲಿಪ್ ಲಿಂಕ್ ಆದ್ರೆ ಕ್ಲಿಪ್ಪಿನ ಮುಚ್ಚಿದ ಮೂತಿ ಚೈನ್ ಓಡೋ ದಿಕ್ಕಿಗೆ ಇರ್ಬೇಕು, ಸೀಳು ಬಾಯಿ ಹಿಂದಕ್ಕೆ. ಎರಡೂ ಪಿನ್ನಿನ ಕಚ್ಚಲ್ಲಿ ಪೂರ್ತಿ ಕೂತಿದ್ಯಾ ಅಂತ ಟಾರ್ಚ್ ಹಾಕಿ ನೋಡಿ. ನನ್ನ ಬೈಕಿಗೆ ನಾನು ರಿವೆಟ್ಟೇ ಹಾಕೋದು.

ಟೆನ್ಷನ್, ಅಲೈನ್‌ಮೆಂಟ್

ಸ್ವಿಂಗ್‌ಆರ್ಮ್ ಮೇಲೆ ಒಂದು ಸ್ಟಿಕರ್ ಇರುತ್ತೆ, ಚೈನ್ ಎಷ್ಟು ಮಿಮೀ ಆಡ್ಬೇಕು, ಯಾವ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನೋಡ್ಬೇಕು ಅಂತ ಅದರಲ್ಲೇ ಇಲ್ಲಾ ಮ್ಯಾನ್ಯುಯಲಲ್ಲಿ ಬರೆದಿರ್ತಾರೆ. ಚಕ್ರ ತಿರುಗ್ಸ್ತಾ ನಾಲ್ಕೈದು ಕಡೆ ಅಳೆದು, ಎಲ್ಲಿ ಅತೀ ಬಿಗಿ ಇದ್ಯೋ ಅಲ್ಲಿಯ ಲೆಕ್ಕ ಹಿಡೀರಿ. ಹೊಸ ಚೈನ್ ನೀಟಾಗಿ ಕಾಣ್ಲಿ ಅಂತ ಬಿಗಿ ಎಳೆಯೋದು ಎಲ್ರೂ ಮಾಡೋ ತಪ್ಪು. ಬೈಕ್ ಮೇಲೆ ಜನ ಕೂತು ಸಸ್ಪೆನ್ಶನ್ ಇಳಿದಾಗ ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವೋಟ್, ಹಿಂದಿನ ಆ್ಯಕ್ಸಲ್ ಮೂರೂ ಒಂದೇ ಗೆರೆಗೆ ಬರೋ ಒಂದು ಕ್ಷಣ ಇರುತ್ತೆ, ಚೈನ್ ಅತೀ ಬಿಗಿ ಆಗೋದು ಆಗ. ಸ್ಟ್ಯಾಂಡ್ ಮೇಲೇ ಬಿಗಿ ಇದ್ರೆ ಆಗ ಏನಾಗ್ಬೇಡ, ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗನ್ನೇ ಎಳೆಯುತ್ತೆ. ಹಾಗಾಗಿ ಕೊಟ್ಟಿರೋ ಅಳತೇಲಿ ಸಡಿಲದ ಕಡೆಗೇ ಇರ್ಲಿ.

ಅಡ್ಜಸ್ಟರ್ ಗೆರೆಗಳನ್ನ ಕಣ್ಮುಚ್ಚಿ ನಂಬ್ಬೇಡಿ. ಪಿವೋಟ್ ನಡುವಿಂದ ಆ್ಯಕ್ಸಲ್ ನಡುವಿಗೆ ಎರಡೂ ಕಡೆ ಟೇಪ್ ಹಿಡ್ದು ಅಳೀರಿ, ಆಮೇಲೆ ಹಿಂದೆ ಕೂತು ಚೈನಿನ ಮೇಲ್ಸಾಲನ್ನ ಒಂದು ಕಣ್ಣು ಮುಚ್ಚಿ ನೋಡಿ, ಸ್ಪ್ರಾಕೆಟ್ ಹತ್ರ ಸೊಟ್ಟಗೆ ತಿರುಗಿದ್ರೆ ಕಾಣುತ್ತೆ. ಆ್ಯಕ್ಸಲ್ ನಟ್ ಬಿಗಿ ಮಾಡುವಾಗ ಚಕ್ರ ಹಿಂದಕ್ಕೆ ಜರುಗಿ ಲೆಕ್ಕ ಕೆಡೋದು ಸಾಮಾನ್ಯ, ಅದಕ್ಕೊಂದು ಉಪಾಯ ಇದೆ: ದಪ್ಪ ಬಟ್ಟೆ ಮಡಚಿ ಮೇಲಿನ ಚೈನಿಗೂ ಹಿಂದಿನ ಸ್ಪ್ರಾಕೆಟ್ಟಿಗೂ ನಡುವೆ ಇಟ್ಟು, ಚಕ್ರವನ್ನ ಹಿಂದಕ್ಕೆ ತಿರುಗ್ಸಿ ಅದು ಸಿಕ್ಕಿಕೊಳ್ಳೋ ಹಾಗೆ ಮಾಡಿ. ಚೈನೇ ಚಕ್ರವನ್ನ ಮುಂದಕ್ಕೆ ಎಳೆದು ಅಡ್ಜಸ್ಟರಿಗೆ ಒತ್ತಿ ಹಿಡಿಯುತ್ತೆ, ಆಗ ನಟ್ ಟಾರ್ಕ್ ಮಾಡಿ. ಬೆರಳು ದೂರ ಇರ್ಲಿ.

ಈಗ ಹಿಂದಿನ ಬ್ರೇಕ್ ಪೆಡಲನ್ನ ಗಟ್ಟಿ ಆಗೋವರೆಗೂ ಪಂಪ್ ಮಾಡಿ. ಕ್ಯಾಲಿಪರ್ ಬಿಚ್ಚಿದ್ಮೇಲೆ ಪ್ಯಾಡ್ ಹಿಂದೆ ಸರಿದಿರುತ್ತೆ, ಮೊದಲ ಒಂದೆರಡು ಒತ್ತು ಖಾಲಿ ಹೋಗುತ್ತೆ. ನಾನೊಮ್ಮೆ ಇದನ್ನ ಮರೆತು ಗೇಟಿಂದ ಆಚೆ ಇಳಿಜಾರಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಸೊಯ್ ಅಂತ ಕೆಳಗೆ ಹೋಯ್ತು, ಮುಂದಿನ ಬ್ರೇಕ್ ಇತ್ತು ಬಚಾವಾದೆ.

ಸಹಾಯಕ್ಕೆ ಬಂದವರನ್ನ ಮತ್ತೆ ಕರೀರಿ. ಬೈಕ್ ಕೆಳಗಿಳ್ಸಿ, ಅವರು ಬ್ರೇಕ್ ಒತ್ತಿ ಹಿಡೀಲಿ, ನೀವು ಮುಂದಿನ ನಟ್ಟೂ ಹಿಂದಿನ ಸ್ಪ್ರಾಕೆಟ್ ನಟ್‌ಗಳೂ ಮ್ಯಾನ್ಯುಯಲ್ ಟಾರ್ಕಿಗೆ ಬಿಗಿ ಮಾಡಿ. ಆಮೇಲೆ ಮುಂದಿನ ವಾಷರಿನ ಅಂಚನ್ನ ನಟ್ ಮುಖಕ್ಕೆ ಮಡಚಿ, ಆ್ಯಕ್ಸಲ್‌ಗೆ ಹೊಸ ಕಾಟರ್ ಪಿನ್ ಹಾಕಿ. ಕವರ್ ಹಾಕೋಕ್ ಮುಂಚೆ ಸ್ಟ್ಯಾಂಡ್ ಮೇಲೆ ಚಕ್ರವನ್ನ ಕೈಯಲ್ಲಿ ಹತ್ತು ಸುತ್ತು ತಿರುಗ್ಸಿ ಕಿವಿಗೊಡಿ, ಟಿಕ್ ಟಿಕ್ ಅಂತ ಒಂದೇ ಜಾಗದಲ್ಲಿ ಬಂದ್ರೆ ಯಾವುದೋ ಕೊಂಡಿ ಸೆಟೆದಿದೆ. ಇಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಚೈನ್ ಒರೆಸೋದು, ಲ್ಯೂಬ್ ಹೊಡೆಯೋದು ಬೇಡವೇ ಬೇಡ. ಬಟ್ಟೆ ಸಿಕ್ಕಿಕೊಂಡ್ರೆ ಕೈ ಎಳ್ಕೊಳ್ಳೋಷ್ಟು ಟೈಮ್ ಸಿಗಲ್ಲ, ಬೆರಳು ಹೋಗೋದು ಹೀಗೇ.

ಹೊಸ ಚೈನಿಗೆ ಕಂಪನಿ ಗ್ರೀಸ್ ಇರುತ್ತೆ, ಮೊದಲ ದಿನಾನೇ ತೊಳೀಬೇಡಿ. ಮುಂದೆ ತೊಳೆಯುವಾಗ ಸೀಮೆಎಣ್ಣೆ, ಮೆತ್ತನೆ ಬ್ರಷ್ಷು ಸಾಕು, ಪೆಟ್ರೋಲೂ ತಂತಿ ಬ್ರಷ್ಷೂ ಓ-ರಿಂಗಿಗೆ ಶತ್ರು.

ಮೊದಲ 50 ಕಿಮೀ ನಿಧಾನಕ್ಕೆ ಓಡ್ಸಿ, ಬಂದು ಎಲ್ಲಾ ನಟ್ ಒಂದ್ಸಲ ಮುಟ್ಟಿ ನೋಡಿ, ಚೈನ್ ಆಟ ಅಳೀರಿ. ಹೊಸ ಸೆಟ್ ಕೂರೋ ಹೊತ್ತಲ್ಲಿ ಸ್ವಲ್ಪ ಸಡಿಲ ಆಗೋದು ಸಹಜ, ಸುಮಾರು 500 ಕಿಮೀಗೆ ಇನ್ನೊಂದ್ಸಲ ಅಡ್ಜಸ್ಟ್ ಮಾಡ್ಬೇಕಾಗಬಹುದು, ಆಮೇಲೆ ಅಷ್ಟು ಬೇಗ ಸಡಿಲ ಆಗಲ್ಲ, ಆದ್ರೂ ಆಗಾಗ ಚೈನ್ ಆಟ ನೋಡ್ತಾ ಇರಿ. ಫೋನಲ್ಲಿ ಆವತ್ತಿನ ತಾರೀಕು, ಓಡೋಮೀಟರ್ ರೀಡಿಂಗು, ಎಷ್ಟು ಹಲ್ಲು, ಎಷ್ಟು ಕೊಂಡಿ ಅಂತ ಬರೆದಿಟ್ಕೊಳ್ಳಿ. ಮುಂದಿನ ಸೆಟ್ ತರೋ ಹೊತ್ತಿಗೆ 106 ಕೊಂಡಿನೋ 108 ಕೊಂಡಿನೋ ಅಂತ ಕೊಳೆ ಹಿಡಿದ ಚೈನ್ ಮುಂದೆ ಕೂತು ಎಣಿಸೋದು ತಪ್ಪುತ್ತೆ.